ಪಾತ್ರದ ಒಲವನ್ನು ಬದಲಿಸಬಹುದೇ? ಅಭಿಮಾನಿಗಳ ರೋಲ್‌ಪ್ಲೇ ಕುರಿತು ಶಿಕ್ಷಕರೂ ಪೋಷಕರೂ ತಿಳಿಯಬೇಕಾದ ಸಂಗತಿಗಳು

ದಸರಾ ರಜೆಯಲ್ಲಿ ನಮ್ಮ ನಾಲ್ವರು ಹಳೆಯ ವಿದ್ಯಾರ್ಥಿಗಳು ಒಂದು ವ್ಯಾಜ್ಯವನ್ನು ಹೊತ್ತು ನಮ್ಮಲ್ಲಿಗೆ ಬಂದರು. ಹೊಸೂರು ಭಾಗದ ಗಡಿಗ್ರಾಮವೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಈಗ ಬೇರೆ ಬೇರೆ ಕಾಲೇಜುಗಳಲ್ಲಿ ಪದವಿ ವ್ಯಾಸಂಗ ಮಾಡುತ್ತಿರುವವರು ಇವರು. ಜಪಾನಿನ ಚಿತ್ರಸರಣಿಯೊಂದರ ಪಾತ್ರಗಳನ್ನು ತಮ್ಮೊಳಗೆ ಹಂಚಿಕೊಂಡು, ಮೊಬೈಲಿನಲ್ಲಿ ಎರಡು ವರ್ಷಗಳಿಂದ ಒಂದು ಕಥೆಯನ್ನು ಕೂಡಿ ಬರೆಯುತ್ತಿದ್ದರು. ಒಬ್ಬನು ಯೋಧನಾಗಿ ನಾಲ್ಕು ಸಾಲು ಬರೆದರೆ, ಇನ್ನೊಬ್ಬಳು ಆ ಯೋಧನ ಪ್ರಿಯತಮೆಯಾಗಿ ಉತ್ತರಿಸುವಳು. ಮೂರನೆಯವನು ಅವನ ಸಂಗಾತಿ ಯೋಧ, ನಾಲ್ಕನೆಯವನು ಅವರ ಗುರು. ಬರೆದದ್ದೆಲ್ಲವೂ ಕನ್ನಡದಲ್ಲಿ. ಹತ್ತನೆಯ ತರಗತಿಯ ನಂತರ ಕನ್ನಡವನ್ನು ಒಂದು ವಿಷಯವಾಗಿಯೂ ಓದಲು ಅವಕಾಶ ದೊರೆಯದ ಮಕ್ಕಳು ಯಾರ ಒತ್ತಾಯವೂ ಇಲ್ಲದೆ ಪುಟಗಟ್ಟಲೆ ಕನ್ನಡ ಬರೆದಿದ್ದರೆಂಬುದೇ ನಮಗೆ ಮೊದಲು ಸಂತೋಷ ತಂದ ಸಂಗತಿ.

ವ್ಯಾಜ್ಯವೇನೆಂದರೆ, ಯೋಧನ ಪಾತ್ರ ಬರೆಯುತ್ತಿದ್ದ ಹುಡುಗನು ಒಂದು ದಿನ ಕಥೆಯ ದಿಕ್ಕನ್ನು ತಿರುಗಿಸಿದ್ದನು. ಯೋಧನಿಗೆ ನಿಜವಾದ ಒಲವಿರುವುದು ತನ್ನ ಸಂಗಾತಿಯ ಮೇಲೆ ಎಂದು ಬರೆದಿದ್ದನು. ಅಶ್ಲೀಲವಾದುದು ಒಂದಕ್ಷರವೂ ಇರಲಿಲ್ಲ. ಗಾಯಗೊಂಡ ಗೆಳೆಯನ ಪಕ್ಕದಲ್ಲಿ ಇರುಳೆಲ್ಲ ಎಚ್ಚರವಿದ್ದವನ ಮನಸ್ಸಿನ ಮಾತು ಅಷ್ಟೇ. "ಮೂಲದಲ್ಲಿ ಹೀಗಿಲ್ಲ ಸಾರ್, ಕಥೆಯೇ ಕೆಟ್ಟಿತು" ಎಂದು ಒಬ್ಬನ ದೂರು. "ನನ್ನ ಪಾತ್ರಕ್ಕೆ ಇನ್ನೇನು ಕೆಲಸ ಉಳಿಯಿತು ಸಾರ್?" ಎಂದು ಹುಡುಗಿಯ ಪ್ರಶ್ನೆ. ಜಗಳದ ನಡುವೆ ಒಬ್ಬನು ಬರೆದವನ ಕುರಿತೇ ಕೀಳಾದ ಒಂದು ಮಾತನ್ನು ಆಡಿಬಿಟ್ಟಿದ್ದನು. ನಾವು ಸುಲಭದ ತೀರ್ಪು ಕೊಟ್ಟೆವು: "ಆ ವಿಷಯ ಬಿಟ್ಟು ಬೇರೇನಾದರೂ ಬರೆಯಿರಪ್ಪ." ತಿಂಗಳ ನಂತರ ವಿಚಾರಿಸಿದಾಗ ಬರಹವೇ ನಿಂತುಹೋಗಿತ್ತು. ಯೋಧನ ಪಾತ್ರದ ಹುಡುಗನು ಗುಂಪನ್ನು ತೊರೆದು, ಗೆಳೆಯರೊಡನೆ ಮಾತನ್ನೂ ಬಿಟ್ಟಿದ್ದನು.

ವಿಷಯವನ್ನೇ ತಿಳಿಯದೆ ತೀರ್ಪು ಕೊಟ್ಟದ್ದು ನಮ್ಮ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳಲು ಓದಿ, ಕೇಳಿ, ಚರ್ಚಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಗಡಿನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಇಂಥ ಬರಹದಲ್ಲಿ ತೊಡಗಿರಬಹುದು. ಹಿರಿಯರಿಗೆ ಅದರ ಹೆಸರೂ ತಿಳಿದಿರುವುದಿಲ್ಲ.

ರೋಲ್‌ಪ್ಲೇ ಎಂದರೇನು?

ಒಂದು ಕಾದಂಬರಿ, ಚಲನಚಿತ್ರ ಅಥವಾ ಚಿತ್ರಸರಣಿಯನ್ನು ಮೆಚ್ಚಿದವರು ಅದರ ಪಾತ್ರಗಳನ್ನಿಟ್ಟುಕೊಂಡು ತಾವೇ ಹೊಸ ಕಥೆ ಹೆಣೆಯುವುದಕ್ಕೆ ಫ್ಯಾನ್ ಫಿಕ್ಷನ್, ಎಂದರೆ ಅಭಿಮಾನಿ ಕಥೆ ಎಂದು ಹೆಸರು. ಅದನ್ನು ಒಬ್ಬರೇ ಬರೆಯುತ್ತಾರೆ. ರೋಲ್‌ಪ್ಲೇ ಹಾಗಲ್ಲ. ಅಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರವಾಗಿಯೇ ಮಾತನಾಡುತ್ತಾ, ಸರದಿಯ ಮೇಲೆ ಬರೆಯುತ್ತಾ ಕಥೆಯನ್ನು ಮುಂದುವರಿಸುತ್ತಾರೆ. ಮುಂದಿನ ಮಾತು ಏನೆಂಬುದು ಎದುರಿನವರು ಬರೆಯುವವರೆಗೂ ಯಾರಿಗೂ ತಿಳಿಯದು.

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಾಗಿಲ್ಲ. ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡಿಗರು ಇಂದಿಗೂ ಉಳಿಸಿಕೊಂಡು ಬಂದಿರುವ ತಾಳಮದ್ದಳೆಯೇ ಇದಕ್ಕೆ ಅತ್ಯಂತ ಸಮೀಪದ ಕಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನಾಗಿ, ಕೌರವನಾಗಿ ಆಶುವಾಗಿ ಮಾತನಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯ ಅರ್ಥಧಾರಿಗಳು ವಾಲಿಯಾಗಿ, ರಾವಣನಾಗಿ ಮಾತನಾಡುವಾಗ ಕವಿಯು ಹೇಳದೆ ಬಿಟ್ಟ ಎಷ್ಟೋ ಭಾವಗಳು ಆ ಪಾತ್ರಗಳಿಗೆ ಒದಗಿಬರುತ್ತಿದ್ದವು.

ಆದರೆ ತಾಳಮದ್ದಳೆಗೆ ಎರಡು ಕಟ್ಟುಗಳಿವೆ. ಮೊದಲನೆಯದು ಪ್ರಸಂಗದ ಕಟ್ಟು: ವಾಲಿಯು ಎಷ್ಟೇ ಪ್ರಬಲವಾಗಿ ವಾದಿಸಿ ರಾಮನನ್ನು ನಿರುತ್ತರನನ್ನಾಗಿಸಿದರೂ ಕೊನೆಗೆ ಬಾಣಕ್ಕೆ ಬಿದ್ದೇ ತೀರಬೇಕು. ಎರಡನೆಯದು ಎದುರು ಕುಳಿತ ಅರ್ಥಧಾರಿಯ ಕಟ್ಟು: ಆತನ ಮಾತಿಗೆ ಎಡೆಯೇ ಇಲ್ಲದಂತೆ ಕಥೆಯನ್ನು ಎಳೆದೊಯ್ದರೆ ಕೂಟವೇ ಕೆಡುತ್ತದೆ. ನಮ್ಮ ನಾಲ್ವರು ಮಕ್ಕಳ ಜಗಳವು ನಿಂತಿದ್ದುದು ಈ ಎರಡು ಕಟ್ಟುಗಳ ಮೇಲೆಯೇ. "ಮೂಲದಲ್ಲಿ ಹೀಗಿಲ್ಲ" ಎಂಬುದು ಮೊದಲನೆಯದು. "ನನ್ನ ಪಾತ್ರಕ್ಕೆ ಕೆಲಸವೇನು" ಎಂಬುದು ಎರಡನೆಯದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಇವನ್ನು ಬೇರೆಯಾಗಿಯೇ ವಿಚಾರಿಸಬೇಕು.

ಬದಲಾವಣೆ ಒಂದೇ ಬಗೆಯದಲ್ಲ

"ಪಾತ್ರದ ಲೈಂಗಿಕ ಒಲವನ್ನು ಬದಲಿಸಿದರು" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಬಗೆಗಳು ಕಾಣುತ್ತವೆ.

ಒಂದು, ಮೂಲವು ಮೌನವಾಗಿರುವಲ್ಲಿ ತುಂಬುವುದು. ಎಷ್ಟೋ ಕಥೆಗಳಲ್ಲಿ ಪಾತ್ರವು ಯಾರನ್ನು ಪ್ರೀತಿಸಿತೆಂಬ ಮಾತೇ ಇರುವುದಿಲ್ಲ. ಅಲ್ಲಿ ಗಂಡು ಹೆಣ್ಣನ್ನೇ ಪ್ರೀತಿಸುತ್ತಾನೆಂದು ಊಹಿಸುವುದೂ ಓದುಗನ ಸೇರ್ಪಡೆಯೇ.

ಎರಡು, ಇರುವುದನ್ನು ಉಳಿಸಿಕೊಂಡು ವಿಸ್ತರಿಸುವುದು. ಹೆಣ್ಣನ್ನು ಪ್ರೀತಿಸಿದ ಪಾತ್ರಕ್ಕೆ ಗಂಡಿನ ಮೇಲೂ ಒಲವು ಹುಟ್ಟಿತೆಂದರೆ ಹಿಂದಿನ ಪ್ರೀತಿ ಸುಳ್ಳಾಗಬೇಕಿಲ್ಲ. ಇಬ್ಬರ ಮೇಲೂ ಒಲವುಳ್ಳ ದ್ವಿಲಿಂಗಾಸಕ್ತರು ಲೋಕದಲ್ಲಿದ್ದಾರೆ.

ಮೂರು, ಮೂಲವು ಸ್ಪಷ್ಟವಾಗಿ ಹೇಳಿದ್ದನ್ನು ತಿರುಗಿಸುವುದು. "ಆ ಪ್ರೀತಿಯೆಲ್ಲ ನಟನೆಯಾಗಿತ್ತು" ಎಂದು ಬರೆಯುವುದು ಈ ಬಗೆ. ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ನಾಲ್ಕು, ಸಲಿಂಗ ಒಲವುಳ್ಳ ಅಥವಾ ಕಾಮಾಸಕ್ತಿಯೇ ಇಲ್ಲದ ಪಾತ್ರವನ್ನು ಬಹುಜನರ ರೂಢಿಗೆ ತಿರುಗಿಸುವುದು. ಆರ್ಚಿ ಕಾಮಿಕ್ಸ್‌ನ ಜಗ್‌ಹೆಡ್ ಎಂಬ ಪಾತ್ರಕ್ಕೆ ಕಾಮಾಸಕ್ತಿಯಿಲ್ಲವೆಂದು 2016ರ ಸಂಚಿಕೆಯೊಂದರಲ್ಲಿ ಸ್ಪಷ್ಟಪಡಿಸಲಾಗಿತ್ತು. 2017ರಲ್ಲಿ ಬಂದ 'ರಿವರ್‌ಡೇಲ್' ಧಾರಾವಾಹಿಯಲ್ಲಿ ಅವನನ್ನು ಬೆಟ್ಟಿಯ ಪ್ರಿಯಕರನನ್ನಾಗಿ ಮಾಡಿದರು. ತಮ್ಮಂಥ ಒಂದೇ ಒಂದು ಪಾತ್ರ ಸಿಕ್ಕಿತೆಂದು ಹಿಗ್ಗಿದ್ದ ಓದುಗರು ನೊಂದುಕೊಂಡರು.

ಮೂರನೆಯದೂ ನಾಲ್ಕನೆಯದೂ ನಿಯಮದ ದೃಷ್ಟಿಯಿಂದ ಒಂದೇ. ಎರಡೂ ಮೂಲವನ್ನು ಮೀರಿದವು. ಪರಿಣಾಮದಲ್ಲಿ ಮಾತ್ರ ಒಂದೇ ಅಲ್ಲ. ಸಾವಿರ ಬಾವಿಗಳಿರುವ ಊರಿನಲ್ಲಿ ಒಂದನ್ನು ಮುಚ್ಚುವುದಕ್ಕೂ, ಒಂದೇ ಬಾವಿಯಿರುವ ಊರಿನಲ್ಲಿ ಅದನ್ನು ಮುಚ್ಚುವುದಕ್ಕೂ ಇರುವ ಅಂತರ ಅದು. ಅಲ್ಪಸಂಖ್ಯಾತರಾಗಿ ಬದುಕುವ ಗಡಿನಾಡ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೂರು ಶಾಲೆಗಳಲ್ಲಿ ಒಂದು ಮುಚ್ಚುವುದಕ್ಕೂ, ಊರಿನಲ್ಲಿದ್ದ ಒಂದೇ ಕನ್ನಡ ಶಾಲೆ ಮುಚ್ಚುವುದಕ್ಕೂ ವ್ಯತ್ಯಾಸವೇನೆಂದು ನಾವು ಬಲ್ಲೆವು.

ಮೂಲವನ್ನು ಬದಲಿಸುವುದು ಹೊಸ ಚಟವೇ?

ಹೊಸದೇನೂ ಅಲ್ಲ. ಕನ್ನಡದ ಆದಿಕವಿಯೇ ಇದನ್ನು ಮಾಡಿದ್ದಾನೆ. ಕ್ರಿ.ಶ. 941ರಲ್ಲಿ ಪಂಪನು ರಚಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿಗೆ ಐವರು ಗಂಡಂದಿರಿಲ್ಲ. ಆಕೆ ಅರ್ಜುನನೊಬ್ಬನ ಮಡದಿ. ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕಾವ್ಯ ಬರೆದ ಕವಿಗೆ ಈ ಮಾರ್ಪಾಡು ಅಗತ್ಯವಾಗಿತ್ತು. ಮಹಾಭಾರತದ ಅತ್ಯಂತ ಪ್ರಸಿದ್ಧ ದಾಂಪತ್ಯವನ್ನೇ ಬದಲಿಸಿದರೂ ಕನ್ನಡಿಗರು ಪಂಪನನ್ನು ತಿರಸ್ಕರಿಸಲಿಲ್ಲ. ಕುಮಾರವ್ಯಾಸನು ಮುಂದೆ ಐವರು ಪತಿಗಳ ಕಥೆಯನ್ನೇ ಹೇಳಿದನು. ಎರಡು ಭಾರತಗಳೂ ನಮ್ಮವಾಗಿಯೇ ಉಳಿದವು.

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ರಾಮಾಯಣವನ್ನು ಮರಳಿ ಹೇಳಿದಾಗ ಉತ್ತರಕಾಂಡವನ್ನು ಕೈಬಿಟ್ಟರು. ಸೀತಾ ಪರಿತ್ಯಾಗದ ಕಥೆ ಅವರ ಮನಸ್ಸಿಗೆ ಒಗ್ಗಲಿಲ್ಲ. ಬದಲಿಸುವುದು ಒಂದು ದಾರಿ, ಬಿಡುವುದು ಇನ್ನೊಂದು ದಾರಿ.

ಈ ಕುರಿತು ಕನ್ನಡದಲ್ಲಿ ನಡೆದ ಅತ್ಯಂತ ಘನವಾದ ವಾದವೆಂದರೆ ಕುವೆಂಪು ಮತ್ತು ಮಾಸ್ತಿಯವರ ನಡುವಿನದು. ಕುವೆಂಪು 1944ರಲ್ಲಿ ಪ್ರಕಟಿಸಿದ 'ಶೂದ್ರ ತಪಸ್ವಿ' ನಾಟಕದಲ್ಲಿ ಶಂಬೂಕನ ಕಥೆಯನ್ನು ತಿರುಗಿಸಿದರು. ಮೂಲದಲ್ಲಿ ರಾಮನಿಂದ ಹತನಾಗುವ ಶಂಬೂಕನು ಇಲ್ಲಿ ಸಾಯುವುದಿಲ್ಲ. ದೂರು ತಂದ ಬ್ರಾಹ್ಮಣನ ಕಣ್ಣು ತೆರೆಯುತ್ತದೆ. ಮಾಸ್ತಿಯವರು ಆಕ್ಷೇಪಿಸಿದರು. ಹೊಸ ಭಾವನೆಯನ್ನು ಹೇಳಬೇಕಾದರೆ ಹೊಸ ಕಥೆಯನ್ನು ಕಟ್ಟಬೇಕು, ಹಳೆಯದನ್ನು ತಿರುಚಬಾರದೆಂಬುದು ಅವರ ನಿಲುವಿನ ಸಾರ. ಪುರಾಣವು ಪ್ರತಿಯೊಂದು ಕಾಲದಲ್ಲಿಯೂ ಹೊಸ ಅರ್ಥವನ್ನು ಪಡೆಯುತ್ತಲೇ ಬಂದಿದೆ, ಹಾಗೆ ಪಡೆಯಬೇಕೆಂಬುದು ಕುವೆಂಪು ಅವರ ನಿಲುವು. ಮಾಲೂರು ತಾಲ್ಲೂಕಿನ ಮಾಸ್ತಿ ನಮ್ಮ ಗಡಿಗೆ ಹೊಂದಿಕೊಂಡ ಸೀಮೆ; ಆ ಹಿರಿಯರ ಮಾತಿನ ತೂಕವನ್ನು ನಾವು ಹಗುರವಾಗಿ ಕಾಣಲಾರೆವು. ಕುವೆಂಪು ಅವರ ನಾಟಕವಿಲ್ಲದ ಕನ್ನಡವನ್ನೂ ನಾವು ಬಯಸಲಾರೆವು.

ವಿಚಿತ್ರವೆಂದರೆ, ಇದೇ ವಾದ ಎಪ್ಪತ್ತೆರಡು ವರ್ಷಗಳ ನಂತರ ಅಮೆರಿಕದಲ್ಲಿ ಬೇರೆ ವೇಷದಲ್ಲಿ ಕೇಳಿಬಂದಿತು. 'ಸ್ಟಾರ್ ಟ್ರೆಕ್' ಕಥೆಯ ಸುಲು ಎಂಬ ಪಾತ್ರಕ್ಕೆ 2016ರ ಚಲನಚಿತ್ರದಲ್ಲಿ ಗಂಡು ಸಂಗಾತಿಯಿರುವನೆಂದು ತೋರಿಸಿದರು. 1960ರ ದಶಕದ ಧಾರಾವಾಹಿಯಲ್ಲಿ ಅದೇ ಪಾತ್ರವನ್ನು ವಹಿಸಿದ್ದ ನಟ ಜಾರ್ಜ್ ಟಕೇ ಇದನ್ನು ಮೆಚ್ಚಲಿಲ್ಲ. ಟಕೇ ಸ್ವತಃ ಸಲಿಂಗಿ. ಆ ಸಮುದಾಯದ ಹಕ್ಕಿಗಾಗಿ ದುಡಿದವರು. ಆದರೂ ಮೂಲ ಕರ್ತೃವಾದ ಜೀನ್ ರಾಡೆನ್‌ಬೆರಿ ಹಾಗೆ ಕಲ್ಪಿಸಿರಲಿಲ್ಲ, ಸಲಿಂಗಿ ಪಾತ್ರ ಬೇಕಾದರೆ ಹೊಸದಾಗಿ ಸೃಷ್ಟಿಸಬೇಕಾಗಿತ್ತೆಂಬುದು ಅವರ ಅಭಿಪ್ರಾಯ. ಚಿತ್ರಕಥೆಯ ಲೇಖಕರಲ್ಲೊಬ್ಬರಾದ ಸೈಮನ್ ಪೆಗ್ ಇದಕ್ಕೆ ಉತ್ತರಿಸಿದರು. ಹೊಸ ಪಾತ್ರವನ್ನು ತಂದರೆ ಜನರು ಅವನನ್ನು 'ಸಲಿಂಗಿ ಪಾತ್ರ'ವೆಂದು ಮಾತ್ರ ಗುರುತಿಸುತ್ತಾರೆ; ಈಗಾಗಲೇ ಮೆಚ್ಚಿರುವ ಪಾತ್ರವಾದರೆ ಮೊದಲು ಮನುಷ್ಯನಾಗಿ ಕಾಣುತ್ತಾರೆ ಎಂಬುದು ಅದರ ಭಾವ.

ಆದ್ದರಿಂದ, ಪಾತ್ರವನ್ನು ಬದಲಿಸಬಾರದೆನ್ನುವವರೆಲ್ಲ ಸಲಿಂಗಿಗಳ ದ್ವೇಷಿಗಳೆಂದು ತಿಳಿಯುವುದು ತಪ್ಪು. ಬದಲಿಸುವವರೆಲ್ಲ ಮೂಲದ ದ್ರೋಹಿಗಳೆಂದು ತಿಳಿಯುವುದೂ ಅಷ್ಟೇ ತಪ್ಪು.

ಅಭಿಮಾನಿಗಳ ಬರಹದಲ್ಲಂತೂ ಇದು ಅರ್ಧ ಶತಮಾನದ ಹಳೆಯ ರೂಢಿ. ಅದೇ 'ಸ್ಟಾರ್ ಟ್ರೆಕ್'ನ ಕರ್ಕ್ ಮತ್ತು ಸ್ಪಾಕ್ ಎಂಬ ಇಬ್ಬರು ಗೆಳೆಯರನ್ನು ಪ್ರೇಮಿಗಳನ್ನಾಗಿ ಕಲ್ಪಿಸಿದ ಕಥೆಯೊಂದು 1974ರಲ್ಲಿ ಅಭಿಮಾನಿಗಳ ಕಿರುಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಹೆಸರಿನ ನಡುವೆ ಹಾಕುವ ಓರೆಗೆರೆಯಿಂದಾಗಿ ಇಂಥ ಕಥೆಗಳಿಗೆ 'ಸ್ಲ್ಯಾಶ್' ಎಂಬ ಹೆಸರು ಬಂದಿತು. ಅವನ್ನು ಹೆಚ್ಚಾಗಿ ಬರೆದವರು ಹೆಂಗಸರು. ಅಭಿಮಾನಿಗಳೇ ನಡೆಸುವ 'ಆರ್ಕೈವ್ ಆಫ್ ಅವರ್ ಓನ್' ಎಂಬ ಬರಹಸಂಗ್ರಹಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿಯೂ ದೊರೆಯಿತು.

ನಮ್ಮ ನೆಲದ ಕಥೆಗಳು

"ಇದು ಪಶ್ಚಿಮದ ಗಾಳಿ" ಎನ್ನುವವರು ನಮ್ಮ ಜಿಲ್ಲೆಯ ಹಬ್ಬಗಳನ್ನೊಮ್ಮೆ ನೋಡಬೇಕು. ಕೃಷ್ಣಗಿರಿ, ಧರ್ಮಪುರಿ ಸೀಮೆಯಲ್ಲಿ ದ್ರೌಪದಿ ಅಮ್ಮನ ಗುಡಿಗಳ ಮುಂದೆ ಮಹಾಭಾರತದ ತೆರುಕೂತ್ತು ನಡೆಯುತ್ತದೆ. ಮಣ್ಣಿನಲ್ಲಿ ಮಲಗಿಸಿದ ದುರ್ಯೋಧನನ ಬೃಹತ್ ಮೂರ್ತಿಯ ಎದುರು ಕೊನೆಯ ದಿನದ ಯುದ್ಧ ಮುಗಿಯುತ್ತದೆ. ಅಲ್ಲಿ ದ್ರೌಪದಿಯಾಗಿ ಅಳುವವನು ಗಂಡಸು. ನೋಡುತ್ತಾ ಕಣ್ಣೊರೆಸಿಕೊಳ್ಳುವವರು ಅದನ್ನು ಲೆಕ್ಕಿಸುವುದಿಲ್ಲ. ಬೆಂಗಳೂರು ಕರಗದಲ್ಲಿ ತಿಗಳ ಸಮುದಾಯದ ಅರ್ಚಕರು ಹೆಣ್ಣಿನ ಉಡುಗೆ ತೊಟ್ಟು ದ್ರೌಪದಿಯ ಶಕ್ತಿಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ.

ತಮಿಳು ಭಾರತ ಪರಂಪರೆಯ ಅರವಾನನ ಕಥೆಯನ್ನು ಈ ಭಾಗದ ಮಕ್ಕಳೆಲ್ಲ ಬಲ್ಲರು. ಯುದ್ಧಕ್ಕೆ ಮುನ್ನ ಬಲಿಯಾಗಲಿರುವ ಆ ಯುವಕನು ಮದುವೆಯಾಗಬೇಕೆಂದಾಗ ಯಾವ ಹೆಣ್ಣೂ ಒಪ್ಪುವುದಿಲ್ಲ. ಕೃಷ್ಣನೇ ಮೋಹಿನಿಯಾಗಿ ಅವನನ್ನು ವರಿಸಿ, ಮರುದಿನ ವಿಧವೆಯಾಗಿ ಅಳುತ್ತಾನೆ. ಕಳ್ಳಕುರಿಚಿ ಜಿಲ್ಲೆಯ ಕೂವಾಗಂನಲ್ಲಿ ಚಿತ್ತಿರೈ ಮಾಸದಲ್ಲಿ ಸಾವಿರಾರು ತೃತೀಯಲಿಂಗಿಗಳು ಕೂತ್ತಾಂಡವರ್ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡು ಈ ಕಥೆಯನ್ನು ಮರಳಿ ಬದುಕುತ್ತಾರೆ. ಕಥೆಯ ಪಾತ್ರವಾಗಿ ತಮ್ಮ ನೋವನ್ನು ಹೇಳಿಕೊಳ್ಳುವುದು ಎಂದರೆ ಇದೇ ಅಲ್ಲವೇ?

ಆದರೆ ಇಲ್ಲಿ ಎಚ್ಚರಿಕೆಯೊಂದು ಅಗತ್ಯ. ಬೃಹನ್ನಳೆ, ಶಿಖಂಡಿ, ಮೋಹಿನಿ ಇವರೆಲ್ಲರ ಕಥೆ ಲಿಂಗತ್ವದ ಕಥೆ: ತಾನು ಗಂಡೋ ಹೆಣ್ಣೋ ಎಂಬ ಪ್ರಶ್ನೆ. ನಮ್ಮ ಹುಡುಗ ಬರೆದದ್ದು ಲೈಂಗಿಕ ಒಲವಿನ ಕಥೆ: ತನ್ನ ಮನಸ್ಸು ಯಾರ ಕಡೆಗೆ ವಾಲುತ್ತದೆ ಎಂಬ ಪ್ರಶ್ನೆ. ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾಗಿದ್ದ ಅರ್ಜುನನು ಸಲಿಂಗಿಯಾಗಿದ್ದನೆಂದು ಯಾರೂ ಹೇಳಿಲ್ಲ. ಇವೆರಡನ್ನೂ ಕಲಸಿ "ನಮ್ಮ ಪುರಾಣದಲ್ಲಿ ಎಲ್ಲವೂ ಇದೆ" ಎಂದು ಹೇಳುವುದು ವಾದಕ್ಕೆ ಸುಲಭ, ಸತ್ಯಕ್ಕೆ ದೂರ. ಪುರಾಣದ ಸಾಕ್ಷಿ ಸಿಕ್ಕದಿದ್ದರೂ ಮನುಷ್ಯನ ಮಾನಕ್ಕೆ ಕುಂದಿಲ್ಲವೆಂಬುದೇ ಹೆಚ್ಚು ಗಟ್ಟಿಯಾದ ನೆಲೆ. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಆ ನೆಲೆಯಲ್ಲಿಯೇ ಬಂದಿತು. ಹಳೆಯ ಪಾತ್ರವನ್ನು ತಿರುಗಿಸದೆ, ಸಲಿಂಗಿ ನಾಯಕನನ್ನು ಹೊಸದಾಗಿ ಸೃಷ್ಟಿಸಿತು. ಮಾಸ್ತಿಯವರು ಹೇಳಿದ ದಾರಿಯೂ ಫಲ ಕೊಡುತ್ತದೆಂಬುದಕ್ಕೆ ಅದೊಂದು ಸಾಕ್ಷಿ.

ಮೂರು ಆಕ್ಷೇಪಣೆಗಳು

ಮೊದಲನೆಯದು, "ಇಬ್ಬರು ಗಂಡಸರು ಗೆಳೆಯರಾಗಿರಲೂ ಬಾರದೇ?" ಎಂಬುದು. ಕರ್ಣ-ದುರ್ಯೋಧನರ ಸ್ನೇಹವನ್ನು ಕೇಳಿ ಬೆಳೆದವರಿಗೆ ಈ ಪ್ರಶ್ನೆ ಸಹಜ. ಸ್ನೇಹಕ್ಕೆ ತನ್ನದೇ ಆದ ಘನತೆಯಿದೆ. ಗಾಢವಾದ ಪ್ರತಿಯೊಂದು ಸ್ನೇಹವನ್ನೂ ಪ್ರಣಯವೆಂದು ಓದಿದರೆ ಸ್ನೇಹವು ಬಡವಾಗುತ್ತದೆ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಇದೇ ಕಥೆಗಳಲ್ಲಿ ಗಂಡು ಹೆಣ್ಣು ಎರಡು ಮಾತಾಡಿದೊಡನೆ ಪ್ರಣಯವೆಂದು ಊಹಿಸುವಾಗ ನಾವು ಸ್ನೇಹದ ಘನತೆಯನ್ನು ನೆನೆಯುವುದಿಲ್ಲ. ಅಳತೆಗೋಲು ಎರಡೂ ಕಡೆ ಒಂದೇ ಆಗಿರಬೇಕು.

ಎರಡನೆಯದು ನಂಬಿಕೆಯ ಪ್ರಶ್ನೆ. ಚಿತ್ರಸರಣಿಯ ಯೋಧನೂ, ಮನೆಯ ಜಗುಲಿಯಲ್ಲಿ ದೀಪ ಹಚ್ಚಿ ಪೂಜಿಸುವ ದೇವರೂ ಒಂದೇ ಅಲ್ಲ. ಒಂದು ಪಾತ್ರ ಕೆಲವರಿಗೆ ಕಥೆಯಾಗಿಯೂ ಕೆಲವರಿಗೆ ದೈವವಾಗಿಯೂ ಇರುವಲ್ಲಿ, ಬರೆಯುವ ಹಕ್ಕಿನ ಜೊತೆಗೆ ನೆರೆಯವರ ಮನಸ್ಸಿನ ಪರಿವೆಯೂ ಇರಬೇಕು. ಪಂಪನಿಗೂ ಕುವೆಂಪು ಅವರಿಗೂ ಆ ಪರಿವೆ ಇತ್ತು. ಅವರು ಬದಲಿಸಿದ್ದು ಗೇಲಿಗಾಗಿ ಅಲ್ಲ. ಮಕ್ಕಳಿಗೆ ಹೇಳಬೇಕಾದ ಮಾತೂ ಇದೇ: ಪಾತ್ರವನ್ನು ಆಳವಾಗಿ ನೋಡಲು ಬದಲಿಸುವುದು ಬೇರೆ, ನಗೆಪಾಟಲು ಮಾಡಲು ಬದಲಿಸುವುದು ಬೇರೆ.

ಮೂರನೆಯದು, "ಇದನ್ನು ಬರೆದರೆ ಮಕ್ಕಳು ಹಾಗೆಯೇ ಆಗಿಬಿಡುತ್ತಾರೆ" ಎಂಬ ಭಯ. ಕೌರವನ ಅರ್ಥ ಹೇಳಿದವರು ಮನೆಗೆ ಹೋಗಿ ಅಣ್ಣತಮ್ಮಂದಿರ ಪಾಲನ್ನು ಕಸಿಯುವುದಿಲ್ಲ. ಬರೆದವನು ಸಲಿಂಗಿಯೇ ಆಗಿರಬೇಕೆಂದೂ ಇಲ್ಲ, ಆಗಿರಬಾರದೆಂದೂ ಇಲ್ಲ. ಅದು ಅವನ ಸ್ವಂತ ವಿಷಯ. ಬರಹದಿಂದ ಅದನ್ನು ಹೆಕ್ಕಿ ತೆಗೆಯಲು ಯಾರಿಗೂ ಅಧಿಕಾರವಿಲ್ಲ. ನಮ್ಮ ಗುಂಪಿನಲ್ಲಿ ನಡೆದ ನಿಜವಾದ ಹಾನಿ ಇದೇ ಆಗಿತ್ತು. ಪಾತ್ರದ ಕುರಿತ ಚರ್ಚೆಯನ್ನು ಬರೆದವನ ಮೈಮೇಲೆ ಎಳೆದರು.

ಕಾನೂನು ಏನೆನ್ನುತ್ತದೆ?

ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ತೀರ್ಪಿತ್ತಿತು. ತಮಿಳುನಾಡಿನಲ್ಲಿರುವ ನಾವು ತಿಳಿಯಲೇಬೇಕಾದ ಇನ್ನೊಂದು ಆದೇಶವಿದೆ. 2021ರ ಜೂನ್ 7ರಂದು ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಸುಷ್ಮಾ ಪ್ರಕರಣದಲ್ಲಿ ಹೊರಡಿಸಿದ ಆದೇಶವು, ಲೈಂಗಿಕ ಒಲವನ್ನು 'ಗುಣಪಡಿಸುವ' ಚಿಕಿತ್ಸೆಗಳನ್ನು ನಿಷೇಧಿಸಿತು. ಪೊಲೀಸರಿಗೂ ಶಾಲೆಗಳಿಗೂ ತಿಳಿವಳಿಕೆ ನೀಡಬೇಕೆಂದು ನಿರ್ದೇಶಿಸಿತು. ತಮಗೆ ಈ ವಿಷಯ ತಿಳಿಯದೆಂದು ಬಹಿರಂಗವಾಗಿ ಒಪ್ಪಿಕೊಂಡು, ತಜ್ಞರ ಬಳಿ ಕುಳಿತು ಕಲಿತ ನಂತರವೇ ಆ ನ್ಯಾಯಮೂರ್ತಿಗಳು ತೀರ್ಮಾನಕ್ಕೆ ಬಂದರು. ಓದಿದಾಗ ನಮ್ಮ ಅವಸರದ ತೀರ್ಪು ನೆನಪಾಗಿ ನಾಚಿಕೆಯಾಯಿತು.

ಹಕ್ಕುಸ್ವಾಮ್ಯದ ಮಾತಿಗೆ ಬಂದರೆ, 1957ರ ಕಾಯ್ದೆಯ 57ನೆಯ ವಿಧಿಯು ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿಕೃತಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನು ಲೇಖಕರಿಗೆ ಕೊಡುತ್ತದೆ. ಲೇಖಕರು ಗತಿಸಿ 60 ವರ್ಷಗಳವರೆಗೆ ಕೃತಿಗೆ ರಕ್ಷಣೆಯಿದೆ. ಆದ್ದರಿಂದ ಇನ್ನೊಬ್ಬರ ಪಾತ್ರಗಳನ್ನಿಟ್ಟು ಬರೆದದ್ದನ್ನು ಮಾರಾಟ ಮಾಡಬಾರದು, ತನ್ನ ಸೃಷ್ಟಿಯೆಂದು ಹೇಳಿಕೊಳ್ಳಬಾರದು.

ದಾಟಲೇಬಾರದ ಗೆರೆಯೊಂದಿದೆ. ಮಕ್ಕಳನ್ನು ಲೈಂಗಿಕವಾಗಿ ಚಿತ್ರಿಸುವ ಯಾವುದೇ ಬರಹ, ಚಿತ್ರವನ್ನು ವಿದ್ಯುನ್ಮಾನ ರೂಪದಲ್ಲಿ ರಚಿಸುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ವಿಧಿಯನ್ವಯ ಅಪರಾಧ. ರೋಲ್‌ಪ್ಲೇ ನೆಪದಲ್ಲಿ ಅಪರಿಚಿತ ವಯಸ್ಕರು ಮಕ್ಕಳನ್ನು ಅಂಥ ಮಾತಿಗೆ ಎಳೆಯುವುದುಂಟು. ಅದಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ, 1098 ಸಹಾಯವಾಣಿ ಇದೆ. ಪೋಷಕರು ಭಯಪಡಬೇಕಾದುದು ಇದಕ್ಕೆ. ಪಾತ್ರವು ಗಂಡನ್ನು ಪ್ರೀತಿಸಿತೋ ಹೆಣ್ಣನ್ನೋ ಎಂಬುದಕ್ಕಲ್ಲ.

ಕೂಡಿ ಬರೆಯುವವರಿಗೆ ಕೆಲವು ಮಾತು

ತಾಳಮದ್ದಳೆಯ ಎರಡು ಕಟ್ಟುಗಳನ್ನೇ ಮುಂದಿಟ್ಟುಕೊಂಡು ನಾವು ಆ ಮಕ್ಕಳೊಡನೆ ಮತ್ತೆ ಕುಳಿತೆವು. ಕೊನೆಗೆ ಒಪ್ಪಿಕೊಂಡ ಕಟ್ಟಳೆಗಳು ಇವು.

ಆರಂಭದಲ್ಲಿಯೇ ಮಾತಾಗಬೇಕು. ಮೂಲಕ್ಕೆ ಎಷ್ಟು ಬದ್ಧರಾಗಿರುತ್ತೇವೆ, ಎಲ್ಲಿ ಬದಲಿಸಬಹುದು ಎಂಬುದು ಮೊದಲ ದಿನವೇ ತೀರ್ಮಾನವಾಗಲಿ. ಪ್ರಸಂಗ ಯಾವುದೆಂದು ತಿಳಿಯದೆ ಕೂಟ ಆರಂಭಿಸುವುದಿಲ್ಲವಷ್ಟೇ.

ನಡುವೆ ಬದಲಿಸಬೇಕೆನಿಸಿದರೆ ಕೇಳಬೇಕು. ಒಬ್ಬರೇ ಬರೆಯುವ ಕಥೆಯಲ್ಲಿ ಯಾರನ್ನೂ ಕೇಳಬೇಕಿಲ್ಲ. ಕೂಡಿ ಬರೆಯುವಲ್ಲಿ ಒಂದು ಪಾತ್ರದ ಒಲವು ಬದಲಾದರೆ ಇನ್ನೊಂದು ಪಾತ್ರದ ಬದುಕೂ ಬದಲಾಗುತ್ತದೆ. ಎದುರಿನವರು ಒಪ್ಪದಿದ್ದರೆ ಕಥೆಗೆ ಕವಲು ಒಡೆಯಲಿ; ಒಂದು ಕವಲು ಹಳೆಯ ದಾರಿಯಲ್ಲಿ, ಇನ್ನೊಂದು ಹೊಸ ದಾರಿಯಲ್ಲಿ ಸಾಗಲಿ. ಪಂಪಭಾರತವೂ ಕುಮಾರವ್ಯಾಸ ಭಾರತವೂ ಒಂದೇ ಕಪಾಟಿನಲ್ಲಿ ಇರುವಂತೆ.

ಒಲವನ್ನು ಬದಲಿಸಿದ ಮಾತ್ರಕ್ಕೆ ಪಾತ್ರದ ಸ್ವಭಾವ ಬದಲಾಗಬಾರದು. ಧೀರನು ಧೀರನಾಗಿಯೇ, ಮುಂಗೋಪಿ ಮುಂಗೋಪಿಯಾಗಿಯೇ ಇರಲಿ. ಸಲಿಂಗಿಯೆಂದೊಡನೆ ಒನಪು, ವಯ್ಯಾರ, ನಗೆಯ ಮಾತುಗಳನ್ನು ತುರುಕುವುದು ಸಿನಿಮಾಗಳು ಕಲಿಸಿದ ಕೆಟ್ಟ ಚಾಳಿ. ಬಿಟ್ಟುಹೋದ ಪ್ರಿಯತಮೆಯನ್ನು ಖಳನಾಯಕಿಯನ್ನಾಗಿಸುವುದೂ ಅಂಥದೇ ಸೋಮಾರಿತನ.

ನಿಜವಾದ ಮನುಷ್ಯರು ಪಾತ್ರಗಳಲ್ಲ. ಚಿತ್ರನಟರಾಗಲಿ, ಆಟಗಾರರಾಗಲಿ, ಸಹಪಾಠಿಗಳಾಗಲಿ, ಅವರ ಖಾಸಗಿ ಒಲವನ್ನು ಕಲ್ಪಿಸಿ ಬರೆಯಬಾರದು.

ಪಾತ್ರದ ಮಾತು ಪಾತ್ರಕ್ಕೆ, ಬರೆದವರ ಬದುಕು ಬರೆದವರಿಗೆ. ಚರ್ಚೆ ಎಷ್ಟೇ ಬಿಸಿಯಾದರೂ ಈ ಗೆರೆಯನ್ನು ದಾಟಬಾರದು.

ಕನ್ನಡದ ಮಾತು

ಕೊನೆಯದಾಗಿ, ಭಾಷಾ ಅಲ್ಪಸಂಖ್ಯಾತರಾಗಿ ನಮ್ಮನ್ನು ಹೆಚ್ಚು ಕಾಡಿದ ಸಂಗತಿ. ಜಗಳದಲ್ಲಿ ಕೀಳುಮಾತು ಆಡಿದ ಹುಡುಗನನ್ನು ಕರೆದು ಕೇಳಿದೆವು. ಅವನು ತಲೆ ತಗ್ಗಿಸಿ, "ಸಾರ್, ಅದಕ್ಕೆ ಕನ್ನಡದಲ್ಲಿ ನನಗೆ ಗೊತ್ತಿರೋ ಮಾತು ಅದೊಂದೇ" ಎಂದನು. ಅವನು ತಪ್ಪಿಸಿಕೊಳ್ಳಲು ಹೇಳಿದ್ದಲ್ಲ. ಬೈಗುಳವನ್ನು ಬೀದಿ ಕಲಿಸಿತ್ತು. ಗೌರವದ ಮಾತನ್ನು ಶಾಲೆ ಕಲಿಸಿರಲಿಲ್ಲ. ತಮಿಳುನಾಡು ಸರ್ಕಾರವು ಉಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ 2022ರಲ್ಲಿ ಈ ಸಮುದಾಯಗಳನ್ನು ಗೌರವದಿಂದ ಕರೆಯುವ ತಮಿಳು ಪದಗಳ ಪಟ್ಟಿಯನ್ನು ಪ್ರಕಟಿಸಿತು. ಅದೇ ರಾಜ್ಯದಲ್ಲಿ ಕನ್ನಡದಲ್ಲಿ ಓದುವ ನಮ್ಮ ಮಕ್ಕಳ ಕೈಗೆ ಅಂಥ ಪಟ್ಟಿಯನ್ನು ಯಾರು ಕೊಡಬೇಕು?

ನಾವೇ ಕೊಡಬೇಕು. ಸಲಿಂಗಿ, ದ್ವಿಲಿಂಗಾಸಕ್ತ, ಲಿಂಗತ್ವ ಅಲ್ಪಸಂಖ್ಯಾತ, ಲೈಂಗಿಕ ಒಲವು ಎಂಬ ಪದಗಳು ಕನ್ನಡದಲ್ಲಿವೆ. ಅವನ್ನು ತರಗತಿಯಲ್ಲಿ ಅಳುಕಿಲ್ಲದೆ ಉಚ್ಚರಿಸುವ ಶಿಕ್ಷಕರು ಬೇಕು. ಒಂದು ಭಾಷೆಯಲ್ಲಿ ತನ್ನ ಮನಸ್ಸನ್ನು ಹೇಳಿಕೊಳ್ಳಲಾಗದ ಹುಡುಗನು ಬೇರೆ ಭಾಷೆಗೆ ಹೋಗುತ್ತಾನೆ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಕನ್ನಡ ಮಕ್ಕಳು ಪಟ್ಟ ಪಾಡನ್ನು ನಾವು ಸಭೆ ಸಭೆಗಳಲ್ಲಿ ಹೇಳಿದ್ದೇವೆ, ಮನವಿಗಳನ್ನು ಬರೆದಿದ್ದೇವೆ. ಆದರೆ ಈ ಹುಡುಗನ ಕನ್ನಡವನ್ನು ನಿಲ್ಲಿಸಿದ್ದು ಯಾವ ಕಾಯ್ದೆಯೂ ಅಲ್ಲ. ಗೆಳೆಯನ ಒಂದು ಮಾತು, ನಮ್ಮ ಒಂದು ಮಾತು.

ಕಳೆದ ಸಂಕ್ರಾಂತಿಗೆ ಮುನ್ನ ಕಥೆ ಮತ್ತೆ ಆರಂಭವಾಗಿದೆಯೆಂದು ಹುಡುಗಿ ತಿಳಿಸಿದಳು. ಕವಲು ಎರಡಾಗಿದೆಯಂತೆ. ಆಕೆಯ ಪಾತ್ರವು ಹಳೆಯ ಕವಲಿನಲ್ಲಿ ಪ್ರಿಯತಮೆಯಾಗಿಯೇ ಇದೆ; ಹೊಸ ಕವಲಿನಲ್ಲಿ ಖಡ್ಗ ಹಿಡಿದು ಒಬ್ಬಳೇ ಉತ್ತರದ ಪರ್ವತಗಳ ಕಡೆಗೆ ಹೊರಟಿದ್ದಾಳೆ. "ಈಗ ನನ್ನ ಪಾತ್ರಕ್ಕೆ ಜಾಸ್ತಿ ಕೆಲಸ ಸಾರ್" ಎಂದಳು. ಯೋಧನ ಪಾತ್ರದ ಹುಡುಗನು ಮರಳಿ ಬಂದಿದ್ದಾನೆಯೇ ಎಂದು ಕೇಳಿದೆವು. ಬಂದಿದ್ದಾನೆ, ಆದರೆ ಮೊದಲಿನಷ್ಟು ಬರೆಯುವುದಿಲ್ಲ, ದಿನಕ್ಕೆ ಎರಡು ಮೂರು ಸಾಲು ಎಂದಳು. ಅಷ್ಟಾದರೂ ಕನ್ನಡದಲ್ಲಿಯೇ ಬರೆಯುತ್ತಿದ್ದಾನೆ. ಅದನ್ನು ಮತ್ತೆ ನಿಲ್ಲಿಸದಿರುವುದು ಹಿರಿಯರಾದ ನಮ್ಮೆಲ್ಲರ ಹೊಣೆ.